ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ನಮ್ಮ ಮನೆಯ ಗೋಡೆ ಗಡಿಯಾರ ಹನ್ನೆರಡು ವರ್ಷ ಇಪ್ಪತ್ತು ನಿಮಿಷ ಮುಂದೆ ಓಡಿತು. ಅದೇನೂ ಕೆಟ್ಟಿರಲಿಲ್ಲ. ನನಗೋಸ್ಕರ ಅಕ್ಕನೇ ಹಾಗೆ ಇಟ್ಟಿದ್ದಳು.

ಅಕ್ಕ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಒಳಗೆ ಬಂತು ಎಂದು ಬರೆದಿಡುವುದು ಅವಳ ಕೆಲಸ. ಮೂರು ನಿಮಿಷ ತಡವಾದ ಡ್ರೈವರುಗಳು, ಮೀಸೆ ನರೆತವರೂ ಕೂಡ, ಅವಳ ಕಿಟಕಿಯ ಮುಂದೆ ತಪ್ಪು ಮಾಡಿದ ಮಕ್ಕಳಂತೆ ನಿಲ್ಲುತ್ತಿದ್ದರು. ಯಾರಿಗೋಸ್ಕರವೂ ಅವಳು ಬಸ್ಸು ತಡೆದವಳಲ್ಲ. ಒಮ್ಮೆ ನಾನೇ ಏದುಸಿರು ಬಿಡುತ್ತಾ ಗೇಟಿನವರೆಗೆ ಓಡಿ ಬಂದಿದ್ದೆ. ಕಿಟಕಿಯಿಂದ ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಸೀಟಿ ಊದಿದಳು. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ನಲವತ್ತು ನಿಮಿಷ ಅವಳ ಕೋಣೆಯಲ್ಲೇ ಕೂತು ಅವಳ ಡಬ್ಬಿಯ ಊಟ ತಿಂದೆ.

"ನಿನ್ನದು ತಲೆ ಅಲ್ಲ ಕಣೇ, ಬಸ್ ಸ್ಟ್ಯಾಂಡು. ಎಲ್ಲಾ ಬರುತ್ತೆ, ಯಾವುದೂ ನಿಲ್ಲಲ್ಲ," ಎನ್ನುತ್ತಿದ್ದಳು. ಅವಳು ನನ್ನನ್ನು ಕರೆಯುತ್ತಿದ್ದದ್ದೇ "ಗಾಳಿ" ಎಂದು.

ಅದರಲ್ಲಿ ಸುಳ್ಳೇನಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ಹೋಗುತ್ತಿದ್ದೆ. ಸ್ನಾನಕ್ಕೆ ನೀರು ಕಾಯಲಿಟ್ಟು, ಅದು ಕಾಯುವಷ್ಟರಲ್ಲಿ ಒಂದು ಗುಂಡಿ ಹೊಲಿಯೋಣವೆಂದು ಸೂಜಿ ಹುಡುಕಲು ಹೋಗಿ, ಸೂಜಿಯ ಡಬ್ಬಿಯಲ್ಲಿ ಹಳೆಯ ಫೋಟೋ ಸಿಕ್ಕಿ, ಫೋಟೋ ನೋಡುತ್ತಾ ಕೂತುಬಿಡುತ್ತಿದ್ದೆ. ಒಮ್ಮೆ ಕೆಲಸಕ್ಕೆ ಹೋಗಿ ಬ್ಯಾಗ್ ತೆರೆದರೆ ಊಟದ ಡಬ್ಬಿ ಇರಬೇಕಾದ ಜಾಗದಲ್ಲಿ ಟಿವಿ ರಿಮೋಟ್ ಇತ್ತು. ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೇನೆಂದು ಶುರು ಮಾಡಿದ ನೋಟ್‌ಬುಕ್ಕುಗಳೇ ಏಳಿದ್ದವು. ಯಾವುದರಲ್ಲೂ ನಾಲ್ಕನೇ ಪುಟ ತುಂಬಿರಲಿಲ್ಲ.

ಅದಕ್ಕೇ ಅಕ್ಕ ಗಡಿಯಾರವನ್ನು ಮುಂದೆ ಓಡಿಸಿದ್ದು. ಮೊದಲು ಹತ್ತು ನಿಮಿಷ ಮುಂದಿಟ್ಟಳು. ಒಂದು ವಾರದಲ್ಲಿ ನನಗೆ ಅಭ್ಯಾಸವಾಗಿ ಹತ್ತು ಕಳೆಯತೊಡಗಿದೆ. ಹದಿನೈದು ಮಾಡಿದಳು, ಹದಿನೈದು ಕಳೆದೆ. ಇಪ್ಪತ್ತಕ್ಕೆ ಬಂದಾಗ ಸೊಂಟಕ್ಕೆ ಕೈಯಿಟ್ಟು ನಿಂತು, "ಹೀಗೇ ಹೋದ್ರೆ ಊರಿಗೆಲ್ಲಾ ಸೋಮವಾರ, ನಮ್ಮನೇಲಿ ಮಾತ್ರ ಮಂಗಳವಾರ ಆಗುತ್ತೆ. ಇಲ್ಲಿಗೆ ಸಾಕು," ಎಂದಳು.

"ನಾನು ಹೆಂಗೂ ಕಳೀತೀನಲ್ಲ ಅಕ್ಕ. ಮತ್ತೆ ಮುಂದಿಟ್ಟು ಏನು ಪ್ರಯೋಜನ?"

"ಕಳೆಯೋಕೆ ಅಂತ ಒಂದು ಗಳಿಗೆ ನಿಂತು ಗಡಿಯಾರ ನೋಡ್ತೀಯಲ್ಲ? ಅಷ್ಟು ಸಾಕು ನನಗೆ."

ಹಾಗೆ ಅದು ನಮ್ಮ ಮನೆಯ ಕಾನೂನಾಯಿತು. ಗಡಿಯಾರ ಇಪ್ಪತ್ತು ಸೇರಿಸುತ್ತಿತ್ತು, ನಾನು ಇಪ್ಪತ್ತು ಕಳೆಯುತ್ತಿದ್ದೆ, ಉಳಿದದ್ದನ್ನು ಅಕ್ಕ ಬಾಗಿಲಲ್ಲಿ ನಿಂತು ಕೂಗಿ ಸರಿಮಾಡುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು.

ನನ್ನ ಕೆಲಸ ಕಟ್ಟಿಸುವ ಹಲ್ಲಿನದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಪ್ಲಾಸ್ಟರ್ ಹುಯ್ದು, ದವಡೆಯ ಪ್ರತಿ ಮಾಡಿ, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ಟು ತಯಾರಿಸಿ ವಾಪಸ್ ಕಳಿಸುತ್ತೇವೆ. ಸಂಜೆ ತರಗತಿಗೆ ಹೋಗಿ ಈ ಕೆಲಸ ಕಲಿತೆ. ಅಲ್ಲಿ ಕಲಿಸಿದ ಮೇಷ್ಟ್ರೇ ಲ್ಯಾಬಿನ ಮಾಲೀಕರು. ನನ್ನ ಕೈ ಅವರಿಗೆ ಇಷ್ಟ. ತಲೆಯ ಬಗ್ಗೆ ಅವರಿಗೂ ಅಕ್ಕನ ಅಭಿಪ್ರಾಯವೇ.

"ಕೈ ಚಿನ್ನ, ತಲೆ ಚಿಂದಿ," ಎನ್ನುತ್ತಿದ್ದರು.

ಒಮ್ಮೆ ನಾನು ಎರಡು ಟ್ರೇಗಳ ಚೀಟಿ ಅದಲುಬದಲು ಮಾಡಿ, ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರಿಗೆ ಹೋಟೆಲಿನ ಅಡುಗೆಯವರ ಹಲ್ಲು ಹೋಗಿಬಿಟ್ಟಿತು. ಅವರು ಎರಡು ದಿನ ಅದನ್ನೇ ಹಾಕಿಕೊಂಡು, "ಅಭ್ಯಾಸ ಆಗುತ್ತೆ ಅಂದಿದ್ರಲ್ಲ, ಅದಕ್ಕೇ ಸುಮ್ಮನಿದ್ದೆ," ಎಂದರಂತೆ. ಬದಲಾಯಿಸಿ ಕೊಡುವಷ್ಟರಲ್ಲಿ ಇಬ್ಬರ ಸೆಟ್ಟೂ ತಡವಾಯಿತು. ಅವತ್ತಿನಿಂದ ಮೇಷ್ಟ್ರು ಪ್ರತಿ ಟ್ರೇಯ ಚೀಟಿಯಲ್ಲಿ ಹೊಸ ಕಾಲಂ ಹಾಕಿಸಿದರು. ಮೊದಲು ಹೆಸರು, ಬಂದ ದಿನ, ಕೊಟ್ಟ ಹೊತ್ತು ಮಾತ್ರ ಇತ್ತು. ಕೊನೆಗೆ "ತಡ" ಎಂಬುದು ಸೇರಿತು. ಆ ಕಾಲಂ ನನಗೋಸ್ಕರವೇ ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಕಲಿಯುತ್ತಿದ್ದ ವರ್ಷ ಅಕ್ಕ ಡಿಪೋದಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದು ಮೇಲಿನ ನಾಲ್ಕು ಮುಂದಿನ ಹಲ್ಲು ಕಳೆದುಕೊಂಡಿದ್ದಳು. ಎರಡು ತಿಂಗಳು ಅಂಗೈ ಅಡ್ಡ ಹಿಡಿದೇ ಮಾತಾಡಿದಳು. ನನ್ನ ಕೊನೆಯ ಪರೀಕ್ಷೆಯ ಕೆಲಸವಾಗಿ ಅವಳ ಬಾಯಿಯದೇ ಅಚ್ಚು ತೆಗೆದು ನಾಲ್ಕು ಹಲ್ಲು, ಎರಡು ತಂತಿ ಕೊಕ್ಕೆಯ ಒಂದು ಸೆಟ್ಟು ಮಾಡಿದೆ. ಹಾಕಿಕೊಂಡು ಕನ್ನಡಿ ನೋಡಿ, "ಲೇ ಗಾಳಿ, ಇದು ದೇವರು ಕೊಟ್ಟಿದ್ದಕ್ಕಿಂತ ಚೆನ್ನಾಗಿದೆಯಲ್ಲೇ," ಎಂದು ಅಂಗೈ ತೆಗೆದು ನಕ್ಕಳು. ಆಮೇಲೆ ಡಿಪೋದಲ್ಲಿ ಒಬ್ಬರಿಗೂ ಅದು ಕಟ್ಟಿಸಿದ ಹಲ್ಲೆಂದು ತಿಳಿಯಲಿಲ್ಲ. ಅದನ್ನು ತೊಳೆಯುವಾಗ ಬಚ್ಚಲ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಅದಿಲ್ಲದ ಅವಳ ಬಾಯಿ ನೋಡಿದವಳು ನಾನೊಬ್ಬಳೇ.

ಈಚೆಗೆ ಅವಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹೃದಯದ ಒಂದು ಕವಾಟ ಸರಿಯಿಲ್ಲ, ಆಪರೇಷನ್ ಆಗಬೇಕು ಎಂದರು. ಗುರುವಾರ ಸೇರುವುದು, ಶುಕ್ರವಾರ ಬೆಳಿಗ್ಗೆ ಆಪರೇಷನ್, ಹತ್ತು ದಿನ ಆಸ್ಪತ್ರೆ.

ಗುರುವಾರ ಬೆಳಿಗ್ಗೆ ಹೊರಡುವ ಮುಂಚೆ ಅಕ್ಕ ಸ್ಟೂಲ್ ತಂದು ಗಡಿಯಾರದ ಕೆಳಗಿಟ್ಟಳು. "ಹಿಡ್ಕೋ," ಎಂದಳು. ಹಿಡಿದುಕೊಂಡೆ. ಅವಳು ಮೇಲೆ ಹತ್ತಿ ಗಡಿಯಾರ ಕೆಳಗಿಳಿಸಿದಳು, ಒರೆಸಿದಳು, ಏನೋ ಮಾಡಿದಳು, ಏನೋ ಹೇಳಿದಳು. ನಾನು "ಹೂಂ" ಎಂದೆ. ನನ್ನ ತಲೆಯಲ್ಲಿ ಆಗ ಒಂದು ಕೆಳದವಡೆ ಇತ್ತು. ಹಿಂದಿನ ದಿನ ಮಾಡಿದ್ದು, ಎಡಗಡೆ ಒತ್ತಿದರೆ ಬಲಗಡೆ ಏಳುತ್ತಿತ್ತು. ಎಲ್ಲಿ ತಪ್ಪಿದೆ ಎಂದು ಯೋಚಿಸುತ್ತಿದ್ದೆ. ಸ್ಟೂಲನ್ನು ಮಾತ್ರ ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದಿದ್ದೆ.

ಇಳಿದು ಬಂದು ಅವಳು ಕೂತು ಒಂದು ಹಾಳೆಯ ಮೇಲೆ ಬರೆದಳು. ಬರೆದು ಮಡಿಸಿ ನನ್ನ ಕೈಗಿಟ್ಟಳು. "ನಿನ್ನ ಹೂಂಗೆ ಬೆಲೆ ಇಲ್ಲ. ಅದಕ್ಕೇ ಎಲ್ಲಾ ಬರೆದಿದೀನಿ. ಕಳೀಬೇಡ." ಅಷ್ಟು ಹೇಳಿ ಚೀಲ ಎತ್ತಿಕೊಂಡು ಬಾಗಿಲಾಚೆ ನಡೆದಳು.

ಬಿಡಿಸಿ ನೋಡಿದೆ. ಗ್ಯಾಸು, ನಲ್ಲಿ, ಹಾಲು, ಬೀಗ, ಮೂಲೆಯ ಕಿಟಕಿ. ಹತ್ತು ಸಾಲು, ಹಾಳೆಯ ಕೊನೆಯವರೆಗೆ. ಈ ಸಲವಾದರೂ ನೆಟ್ಟಗೆ ಇರಬೇಕೆಂದುಕೊಂಡೆ. ಇದನ್ನು ಜೇಬಿಗೆ ಹಾಕಿದರೆ ಮುಗಿಯಿತು, ಬ್ಯಾಗಿಗೆ ಹಾಕಿದರೂ ಮುಗಿಯಿತು. ಬ್ಯಾಗಿನಲ್ಲಿ ಲ್ಯಾಬಿನ ಗುಲಾಬಿ ಮೇಣದ ತುಂಡು ಯಾವಾಗಲೂ ಇರುತ್ತದೆ. ಅದನ್ನು ಬೆರಳಲ್ಲಿ ನಾದಿ ಹಾಳೆಯ ನಾಲ್ಕು ಮೂಲೆಗೂ ಒತ್ತಿ ಬೀರುವಿನ ಬಾಗಿಲಿಗೆ ಅಂಟಿಸಿದೆ. ನಾಲ್ಕು ಮೂಲೆಗೂ. ಗಾಳಿ ಬಂದರೂ ಅಲುಗದ ಹಾಗೆ.

ಆ ದಿನವೆಲ್ಲ ಆಸ್ಪತ್ರೆಯಲ್ಲೇ ಇದ್ದೆ. ರಕ್ತ ತೆಗೆದರು, ಎದೆಯ ಚಿತ್ರ ತೆಗೆದರು, ಅಕ್ಕ ನರ್ಸಿಗೆ ಆಸ್ಪತ್ರೆಯ ಗಡಿಯಾರ ಅರ್ಧ ನಿಮಿಷ ಹಿಂದಿದೆ ಎಂದು ಹೇಳಿದಳು. ಸಂಜೆ ನಾನು ಹೊರಡುವಾಗ ಹತ್ತಿರ ಕರೆದಳು.

"ನಾಳೆ ಏಳೂವರೆಗೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಅದಕ್ಕೆ ಮುಂಚೆ ಹಲ್ಲು ತೆಗೆದು ಕೊಡಬೇಕಂತೆ."

"ನರ್ಸ್ ಕೈಲಿ ಕೊಡು ಅಕ್ಕ. ಡಬ್ಬೀಲಿ ಇಟ್ಟಿರ್ತಾರೆ."

"ಕೊಡಲ್ಲ." ಅವಳ ದನಿ ಸಣ್ಣದಾಯಿತು. "ಊರವರ ಮುಂದೆಲ್ಲಾ ಬೊಚ್ಚು ಬಾಯಿ ಬಿಡಲ್ಲ ನಾನು. ನೀನು ಏಳೂಕಾಲಿಗೆ ಬಾ. ನಿನ್ನ ಕೈಗೇ ಕೊಡ್ತೀನಿ. ನೀನು ಮಾಡಿದ್ದು, ನೀನೇ ಇಟ್ಕೋ. ಎಚ್ಚರ ಆದ ತಕ್ಷಣ ನೀನೇ ಹಾಕು." ಆಮೇಲೆ ನನ್ನ ಕೆನ್ನೆ ತಟ್ಟಿ, "ಹೆದರಿಕೆ ಆಗ್ತಿದೆ ಕಣೇ. ಮುಖ ನೋಡ್ಕೊಂಡು ಹೋಗ್ತೀನಿ, ಬಾ," ಎಂದಳು.

ಅಕ್ಕ ಹೆದರಿಕೆ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಏಳೂಕಾಲು," ಎಂದೆ. ಹೂಂ ಎನ್ನಲಿಲ್ಲ. ಆ ಗಾಬರಿಯಲ್ಲೇ ಮೊಬೈಲನ್ನು ಅವಳ ಮಂಚದ ಪಕ್ಕ ಚಾರ್ಜಿಗೆ ಹಾಕಿದ್ದನ್ನು ಅಲ್ಲೇ ಬಿಟ್ಟು ಬಂದೆ. ಮನೆ ಸೇರಿದ ಮೇಲೆ ಗೊತ್ತಾಯಿತು. ಇರಲಿ, ಬೆಳಿಗ್ಗೆ ಹೋಗುತ್ತೇನಲ್ಲ, ಗೋಡೆ ಗಡಿಯಾರ ಇದೆಯಲ್ಲ ಎಂದುಕೊಂಡೆ.

ಮನೆಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಏಳೂಕಾಲಿಗೆ ಅಲ್ಲಿರಬೇಕಾದರೆ ಆರೂಮುಕ್ಕಾಲಿಗೆ ಹೊರಡಬೇಕು. ನಮ್ಮ ಗಡಿಯಾರದಲ್ಲಿ ಅದು ಏಳು ಗಂಟೆ ಐದು ನಿಮಿಷ. ಮೂರು ಸಲ ಲೆಕ್ಕ ಮಾಡಿದೆ. ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಬೀರುವಿನ ಮೇಲಿನ ಹತ್ತು ಸಾಲನ್ನೂ ಒಂದೊಂದಾಗಿ ಬೆರಳಿಟ್ಟು ಓದಿ, ಗ್ಯಾಸು, ನಲ್ಲಿ, ಕಿಟಕಿ ನೋಡಿ, ಕುರ್ಚಿಯ ಮೇಲೆ ಬ್ಯಾಗ್ ಹಿಡಿದು ಕೂತೆ. ಮುಳ್ಳು ಏಳೂ ಐದಕ್ಕೆ ಬಂದಾಗ ಎದ್ದೆ. ಬೀಗ ಹಾಕಿದೆ, ಬೀಗದ ಕೈ ತೆಗೆದುಕೊಂಡೆ. ನನ್ನ ಜೀವನದಲ್ಲಿ ಅಷ್ಟು ಸರಿಯಾಗಿ ಎಲ್ಲಿಗೂ ಹೊರಟಿರಲಿಲ್ಲ.

ಬಸ್ ಸ್ಟಾಪಿನಲ್ಲಿ ಸ್ಕೂಲ್ ಮಕ್ಕಳಿದ್ದರು. ಆರೂಮುಕ್ಕಾಲಿಗೇ ಇವರೇಕೆ ಬಂದರು ಎಂಬ ಮಾತು ತಲೆಗೆ ಬಂತು. ಬಂದದ್ದು ನಿಲ್ಲಲಿಲ್ಲ.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ನನ್ನ ಲೆಕ್ಕದಲ್ಲಿ ಏಳೂ ಹದಿಮೂರು. ಒಳಗೆ ಕನ್ನಡಿಯಂಥ ಗಾಜಿನ ಗೋಡೆಯಿತ್ತು. ಬಸ್ಸಿನ ಗಾಳಿಗೆ ನನ್ನ ಕೂದಲು ಕೆದರಿತ್ತು. ಅಕ್ಕ ಮುಖ ನೋಡಿಕೊಂಡು ಹೋಗುತ್ತೇನೆ ಎಂದಿದ್ದಳು. ಈ ಅವತಾರದಲ್ಲಿ ನೋಡಿದರೆ ಮತ್ತೆ ಓಡೋಡಿ ಬಂದೆಯಾ ಎನ್ನುತ್ತಾಳೆ. ಹೊತ್ತು ಕೈಯಲ್ಲಿತ್ತು. ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದೆ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಕರವಸ್ತ್ರವನ್ನು ಅಂಗೈ ಮೇಲೆ ಹಾಸಿಕೊಂಡೆ, ಹಲ್ಲು ತೆಗೆದುಕೊಳ್ಳಲು. ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಅವಳ ಕೋಣೆಗೆ ಹೋದೆ.

ಮಂಚ ಖಾಲಿಯಿತ್ತು. ನರ್ಸ್ ಹಾಸಿಗೆಯ ಬಟ್ಟೆ ಸರಿಮಾಡುತ್ತಿದ್ದರು.

"ತಂಗಿ ಅಲ್ವಾ ನೀವು? ಅಯ್ಯೋ, ಈಗಷ್ಟೇ ಕರ್ಕೊಂಡು ಹೋದ್ರಲ್ಲಮ್ಮಾ."

"ಇನ್ನೂ ಏಳೂಕಾಲು ಅಲ್ವಾ ಸಿಸ್ಟರ್?"

ಅವರು ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ. ಏಳೂ ಮೂವತ್ತೊಂಬತ್ತು.

"ಏಳೂಕಾಲಿಂದ ಬಾಗಿಲೇ ನೋಡ್ತಿದ್ರು," ಎಂದರು ನರ್ಸ್. "ಆಮೇಲೆ ಈ ಫೋನ್ ಕಣ್ಣಿಗೆ ಬಿತ್ತು. ಇದು ನಮ್ಮ ಗಾಳೀದು ಅಂತ ನಕ್ರು. 'ಅವಳು ಗೋಡೆ ಗಡಿಯಾರ ನೋಡ್ಕೊಂಡು ಹೊರಡ್ತಾಳೆ ಸಿಸ್ಟರ್. ನಾನು ಅದನ್ನ ಸರಿ ಮಾಡಿ ಬಂದಿದೀನಿ. ಚೀಟಿ ಹಿಂದುಗಡೆ ಓದಿಲ್ಲ ಅಂತ ಕಾಣುತ್ತೆ. ಅಭ್ಯಾಸದ ಮೇಲೆ ಇಪ್ಪತ್ತು ಕಳೀತಾಳೆ. ಏಳೂ ಮೂವತ್ತೈದಕ್ಕೆ ಸರಿಯಾಗಿ ಬರ್ತಾಳೆ, ಬೇಕಾದ್ರೆ ನೋಡಿ,' ಅಂದ್ರು. ಏಳೂವರೆಗೆ ಸ್ಟ್ರೆಚರ್ ಬಂತು. ಐದೇ ಐದು ನಿಮಿಷ ತಡಿಯಪ್ಪಾ ಅಂತ ಅವನ ಕೈ ಹಿಡ್ಕೊಂಡ್ರು. ಪಾಪ, ತಡೆದ. ಮೇಲಿಂದ ಎರಡು ಸಲ ಫೋನ್ ಬಂದ್ರೂ ತಡೆದ. ಮೂವತ್ತೈದು ಆಯ್ತು. ಹೊತ್ತಾಯ್ತು, ನಡಿಯಪ್ಪಾ ಅಂತ ಅವರೇ ಹೇಳಿದ್ರು."

ಒಬ್ಬರಿಗೋಸ್ಕರವೂ ಒಂದು ಬಸ್ಸು ತಡೆಯದ ನನ್ನ ಅಕ್ಕ.

ಅವಳ ಲೆಕ್ಕ ತಪ್ಪಿರಲಿಲ್ಲ. ಏಳೂ ಮೂವತ್ತಮೂರಕ್ಕೆ ನಾನು ಆಸ್ಪತ್ರೆಯ ಬಾಗಿಲಲ್ಲಿದ್ದೆ. ನೇರ ಮೆಟ್ಟಿಲು ಹತ್ತಿದ್ದರೆ ಎರಡು ನಿಮಿಷ. ನನ್ನ ಇಪ್ಪತ್ತು ನಿಮಿಷದ ತಪ್ಪನ್ನು ಅವಳು ಅಲ್ಲಿ ಮಲಗಿಕೊಂಡೇ ಕಂಡುಹಿಡಿದು ತುಂಬಿಕೊಟ್ಟಿದ್ದಳು. ನಾನು ಒಂದು ದಿನ, ಒಂದೇ ದಿನ, ನಿಧಾನವಾಗಿ ಜಡೆ ಹಾಕಿಕೊಳ್ಳುತ್ತೇನೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನರ್ಸ್ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕರವಸ್ತ್ರದ ಮೇಲಿಟ್ಟರು. "ಹೊದಿಕೆ ಮುಖದ ಮೇಲೆ ಎಳ್ಕೊಂಡು ಒಳಗೇ ತೆಗೆದ್ರು. ನನಗೂ ತೋರಿಸ್ಲಿಲ್ಲ. ಹಾಗೇ ಬಾಯಿ ಮುಚ್ಕೊಂಡೇ ಹೋದ್ರು."

ಹೊರಗಿನ ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತೆ. ಎಚ್ಚರವಾದ ತಕ್ಷಣ ಹಾಕಬೇಕು, ಅಷ್ಟೇ ನೆನಪಿಟ್ಟುಕೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಾಯಾರಿದರೂ ಏಳಲಿಲ್ಲ. ಎದ್ದರೆ ಎಲ್ಲಿ ಡಬ್ಬಿ ಬಿಟ್ಟುಬಿಡುತ್ತೇನೋ ಎಂದು.

ಮಧ್ಯಾಹ್ನ ಎರಡೂವರೆಗೆ ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಹೃದಯ ಮತ್ತೆ ಶುರುವಾಗಲಿಲ್ಲ ಎಂದರು. ಬಹಳ ಪ್ರಯತ್ನಪಟ್ಟೆವು ಎಂದರು. ಅವರ ಮಾತು ಒಂದೂ ಬಿಡದೆ ನನ್ನ ತಲೆಯಲ್ಲಿ ನಿಂತಿತು. ಅವತ್ತು ಯಾಕೋ ಎಲ್ಲವೂ ನಿಂತಿತು.

"ನನ್ನನ್ನ ಒಳಗೆ ಬಿಡಿ ಸಾರ್," ಎಂದೆ. "ಅವಳ ಹಲ್ಲು ಹಾಕಬೇಕು. ನಾನು ಹಲ್ಲಿನ ಕೆಲಸದವಳು. ಹೊತ್ತಾದ್ರೆ ದವಡೆ ಬಿಗಿಯುತ್ತೆ. ಆಮೇಲೆ ಆಗಲ್ಲ."

ಅವರು ನರ್ಸಿನ ಕಡೆ ನೋಡಿದರು. ನರ್ಸ್ ನನ್ನ ಭುಜ ಹಿಡಿದು ಕರೆದುಕೊಂಡು ಹೋದರು. ಡಬ್ಬಿಯಿಂದ ತೆಗೆದು, ನೀರಲ್ಲಿ ಅದ್ದಿ, ತುಟಿಯನ್ನು ಬೆರಳಿಂದ ಮೆಲ್ಲಗೆ ಎತ್ತಿ ಒಳಗಿಟ್ಟೆ. ಮೊದಲು ಎಡಗಡೆಯ ಕೊಕ್ಕೆ ಟಕ್ ಎಂದಿತು, ಆಮೇಲೆ ಬಲಗಡೆಯದು. ತುಟಿ ಮೊದಲಿನಂತೆ ಕೂತಿತು. ಅಕ್ಕನ ಮುಖ ಅಕ್ಕನ ಮುಖವಾಯಿತು. ಆಗ ಮೂರು ಗಂಟೆ ಹತ್ತು ನಿಮಿಷ.

ಮನೆಗೆ ಹೋದ ಮೇಲೆ ಬೀರುವಿನಿಂದ ಆ ಹಾಳೆ ಕೀಳಲು ಬಹಳ ಹೊತ್ತು ಹಿಡಿಯಿತು. ಮೇಣ ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಹಿಂದುಗಡೆ ಎರಡೇ ಸಾಲು.

"೧೧. ಗಡಿಯಾರ ಸರಿ ಮಾಡಿದ್ದೇನೆ. ಈಗ ತೋರಿಸುವುದೇ ನಿಜವಾದ ಹೊತ್ತು. ಏನೂ ಕಳೆಯಬೇಡ. ಕೂಗಲು ನಾನಿಲ್ಲದಾಗ ಸುಳ್ಳು ಗಡಿಯಾರದ ಜೊತೆ ನಿನ್ನನ್ನು ಬಿಡಲು ನನಗೆ ಧೈರ್ಯವಿಲ್ಲ.

೧೨. ಗಾಬರಿಯಾಗಬೇಡ. ಗಾಬರಿಯಾದಾಗಲೇ ನೀನು ಮರೆಯುವುದು."

ಎರಡು ವರ್ಷವಾಯಿತು. ಈಗ ನಾನು ಕಲಿತಿದ್ದೇನೆ. ಹೇಗೆಂದು ಕೇಳಿದರೆ ಹೇಳಲು ನಾಚಿಕೆಯಾಗುವಷ್ಟು ಸಣ್ಣ ಸಂಗತಿಗಳು. ಬೀಗದ ಕೈಗೆ ಒಂದೇ ಮೊಳೆ. ಬ್ಯಾಗಿಗೆ ಒಂದೇ ಕುರ್ಚಿ. ಯಾವ ಕಾಗದವನ್ನೂ ನಾಲ್ಕು ಮೂಲೆಗೆ ಅಂಟಿಸುವುದಿಲ್ಲ, ಒಂದೇ ಮೂಲೆಗೆ, ತಿರುಗಿಸಿ ನೋಡಲು ಬರುವ ಹಾಗೆ. ಯಾರಾದರೂ ಏನಾದರೂ ಹೇಳಿದರೆ ಹೂಂ ಎನ್ನುವುದಿಲ್ಲ, ಅವರು ಹೇಳಿದ್ದನ್ನೇ ತಿರುಗಿ ಹೇಳುತ್ತೇನೆ. ಮೇಲಿನ ದವಡೆಯ ಟ್ರೇಗೆ ಕೆಂಪು ದಾರ, ಕೆಳಗಿನದಕ್ಕೆ ನೀಲಿ, ಅವತ್ತೇ ಕೊಡಬೇಕಾದದ್ದಕ್ಕೆ ಎರಡು ಗಂಟು. ಎಂಟನೇ ನೋಟ್‌ಬುಕ್ ಮುಗಿದು ಒಂಬತ್ತನೆಯದು ನಡೆಯುತ್ತಿದೆ. ಕೆಲವು ದಿನ ಈಗಲೂ ಎಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಮರುದಿನ ಮತ್ತೆ ಮೊಳೆಯಿಂದ ಶುರು ಮಾಡುತ್ತೇನೆ.

ಇಪ್ಪತ್ತು ಕಳೆಯುವುದು ಮಾತ್ರ ಬಿಡಲಾಗಲಿಲ್ಲ. ಈಗ ಹೊರಡುವ ಹೊತ್ತಿನಿಂದಲೇ ಕಳೆದು ಅಷ್ಟು ಮೊದಲೇ ಹೊರಡುತ್ತೇನೆ. ಲ್ಯಾಬಿಗೂ ಇಪ್ಪತ್ತು ನಿಮಿಷ ಮುಂಚೆ ಬರುತ್ತೇನೆ. ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಯುವುದನ್ನು ನೋಡಿ ನೋಡಿ ಮೇಷ್ಟ್ರು ಬೀಗದ ಕೈಯನ್ನು ನನಗೇ ಕೊಟ್ಟುಬಿಟ್ಟರು. "ನಿನ್ನ ಕೈಗೆ ಬೀಗದ ಕೈ! ಇದನ್ನೂ ನೋಡೋ ಹಂಗಾಯ್ತಲ್ಲಪ್ಪಾ," ಎಂದು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಎಲ್ಲರೂ ಹೊಗಳುತ್ತಾರೆ. ಮುಂಚೆ ಬಂದ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಯಾರೂ ಕಾಯುತ್ತಿರುವುದಿಲ್ಲ.

ಕಳೆದ ವಾರ ಹಳೆಯ ಅಚ್ಚುಗಳನ್ನು ತೆಗೆದುಹಾಕುವ ದಿನ. ಕೊಟ್ಟು ಮುಗಿದ ಸೆಟ್ಟುಗಳ ಪ್ಲಾಸ್ಟರ್ ದವಡೆಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಒಡೆಯುತ್ತೇವೆ. ಮೇಲಿನ ಶೆಲ್ಫಿನ ಹಿಂದಿನಿಂದ ಮೇಷ್ಟ್ರು ಒಂದು ಅಚ್ಚು ತೆಗೆದು ಬೆಳಕಿಗೆ ಹಿಡಿದರು. ಮುಂದೆ ನಾಲ್ಕು ಹಲ್ಲಿನ ಜಾಗ ಖಾಲಿ.

"ಇದ್ಯಾರದಮ್ಮಾ? ಚೀಟಿ ತುಂಬೇ ಇಲ್ಲ. ಕೊಟ್ಟಾಯ್ತಾ?"

ಪರೀಕ್ಷೆಗೆ ಮಾಡಿದ್ದು, ಗಿರಾಕಿಯದಲ್ಲ, ಅದಕ್ಕೇ ಚೀಟಿ ತುಂಬಿರಲಿಲ್ಲ. ಹಳೆಯ ಚೀಟಿ. ಅದರಲ್ಲಿ "ತಡ" ಎಂಬ ಕಾಲಂ ಇರಲಿಲ್ಲ.

"ಕೊಟ್ಟಾಯ್ತು ಸಾರ್," ಎಂದೆ.

ಪೆನ್ನು ತೆಗೆದು ಹೆಸರಿನ ಜಾಗದಲ್ಲಿ ಅಕ್ಕ ಎಂದು ಬರೆದೆ. ಕೊಟ್ಟ ಹೊತ್ತು, ಮಧ್ಯಾಹ್ನ ಮೂರೂ ಹತ್ತು. ಆಮೇಲೆ ಪಕ್ಕದಲ್ಲಿ ಗೆರೆ ಎಳೆದು ಆ ಕಾಲಂ ನಾನೇ ಮಾಡಿ, ತಡ, ನಾಲ್ಕು ನಿಮಿಷ ಎಂದು ಬರೆದೆ.

ಮೇಷ್ಟ್ರು ಕನ್ನಡಕ ಹಣೆಗೇರಿಸಿ ಓದಿದರು. ಅಚ್ಚನ್ನು ಚೀಲಕ್ಕೆ ಹಾಕದೆ, ಧೂಳು ಊದಿ, ಇದ್ದಲ್ಲೇ ಇಟ್ಟರು. ನಾನು ಮುಂದಿನ ಟ್ರೇ ಎಳೆದುಕೊಂಡೆ. ನೀಲಿ ದಾರ, ಎರಡು ಗಂಟು. ಕೆಳದವಡೆ, ಸಂಜೆ ನಾಲ್ಕಕ್ಕೆ ಕೊಡಬೇಕು.